ಜುಲೈಕಾ ಬೇಡವೆಂದದ್ದು, ಬೇಕೆಂದದ್ದು

ಪಾಣೆಮಂಗಳೂರಿನಲ್ಲಿ ಮದುವೆಯ ಬಟ್ಟೆ ಹೊಲಿಸಬೇಕೆಂದರೆ ಜನ ಜುಲೈಕಾಳ ಮನೆಗೇ ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹೊಲಿಗೆಯಿಂದಲೇ ಮಗ ರಮೀಝ್, ಮಗಳು ರಾಫಿಯಾ ಇಬ್ಬರನ್ನೂ ಓದಿಸಿದವಳು. ಮಾತು ಖಡಕ್ಕು, ಮುಚ್ಚುಮರೆ ಇಲ್ಲ.

ಸ್ತನದ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿದೆ, ಇನ್ನು ಗುಣವಾಗದು ಎಂದು ತಿಳಿದಾಗ, ನೋವಿನ ಆರೈಕೆಗೆ ಮನೆಗೇ ಬರುತ್ತಿದ್ದ ಡಾಕ್ಟರ್ ವಾಗ್ದೇವಿಯವರಿಗೆ ಅವಳು ನೇರವಾಗಿ ಹೇಳಿದಳು: "ನೋವಿಗೆ ಮದ್ದು ಕೊಡಿ. ಕೊನೆಗೆ ಮಾತ್ರ ನನ್ನನ್ನು ಮೆಷಿನಿಗೆ ಕಟ್ಟಿ ಹಾಕ್ಬೇಡಿ."

ಒಂದು ಬೆಳಿಗ್ಗೆ ಅವಳಿಗೆ ಉಸಿರು ಸಿಗದಾಯಿತು. ದಿಂಬಿಗೆ ಒರಗಿ ಕೂತರೂ ಒಂದು ಮಾತು ಪೂರ್ತಿ ಆಡಲಾಗಲಿಲ್ಲ. ರಾಫಿಯಾ ಫೋನು ಹಿಡಿದು ನಿಂತೇ ಇದ್ದಳು. ಆಸ್ಪತ್ರೆಗೆ ಕೊಂಡುಹೋದರೆ ಹೆತ್ತ ಉಮ್ಮನ ಮಾತು ಮೀರಿದಂತೆ. ಸುಮ್ಮನಿದ್ದರೆ ಕಣ್ಣೆದುರೇ ಈ ಸಂಕಟ. ಕೊನೆಗೆ ವಾಗ್ದೇವಿಯವರಿಗೇ ಕರೆ ಮಾಡಿದಳು.

"ಉಮ್ಮ ಬೇಡ ಅಂದದ್ದು ವೆಂಟಿಲೇಟರ್, ಆಸ್ಪತ್ರೆಯನ್ನಲ್ಲ," ಎಂದರು ಡಾಕ್ಟರ್. "ಎದೆಯಲ್ಲಿ ನೀರು ಉಂಟು ಅಂತ ಕಾಣ್ತದೆ. ತೆಗೆದ್ರೆ ಹಗುರ ಆಗ್ಬಹುದು. ಆಂಬುಲೆನ್ಸಿಗೆ ಹೇಳಿ, ನಾನೂ ಬರ್ತೇನೆ."

ತುರ್ತು ವಿಭಾಗದಲ್ಲಿ ಆಕ್ಸಿಜನ್ ಕೊಟ್ಟು, ಸ್ಕ್ಯಾನ್ ಮಾಡಿ ನೋಡಿದರೆ ನೀರು ತುಂಬಿದ್ದು ಹೌದು. ಅಷ್ಟರಲ್ಲಿ ದುಬೈಯಿಂದ ರಮೀಝನ ಫೋನು. "ಡಾಕ್ಟ್ರೇ, ಏನೆಲ್ಲ ಉಂಟೋ ಎಲ್ಲ ಮಾಡಿ. ವೆಂಟಿಲೇಟರೂ ಹಾಕಿ!" ಅವನು ಅಳುತ್ತಿದ್ದ.

ವಾಗ್ದೇವಿ ಫೋನನ್ನು ಜುಲೈಕಾಳ ಹತ್ತಿರ ಇಟ್ಟು ಪಕ್ಕದಲ್ಲಿ ಕೂತರು. "ಸೂಜಿ ಹಾಕಿ ನೀರು ತೆಗೀತೇವೆ. ಉಸಿರಿನ ಕಷ್ಟಕ್ಕೆ ಸ್ವಲ್ಪ ಮಾರ್ಫಿನ್ ಕೊಡ್ತೇವೆ. ವೆಂಟಿಲೇಟರಿನಿಂದ ಈ ಕಾಯಿಲೆ ಗುಣ ಆಗುದಿಲ್ಲ, ಮಾತೂ ಆಡ್ಲಿಕ್ಕಾಗುದಿಲ್ಲ. ನೀವೇ ಹೇಳಿ, ಉಮ್ಮ."

"ನೀರು ತೆಗೀರಿ," ಜುಲೈಕಾ ತಡೆತಡೆದು ಹೇಳಿದಳು. "ಮೆಷಿನ್ ಬೇಡ. ರಮೀಝ್... ನೀನು ಬಾ ಮೋನೇ. ಅಷ್ಟು ಸಾಕು."

ನೀರು ತೆಗೆದ ಮೇಲೆ ಉಸಿರು ಹಗುರವಾಗಿ, ಸಂಜೆಯ ಹೊತ್ತಿಗೆ ಅವಳು ಹಸಿವೆ ಎಂದಳು. ರಾಫಿಯಾ ಗೋಡೆಯ ಕಡೆ ತಿರುಗಿ ಅತ್ತಳು.

ಆಮೇಲೆ ಮನೆಯಲ್ಲಿ ಕೆಲವು ವಾರ ಸಿಕ್ಕಿದವು. ರಮೀಝ್ ಬಂದು ತನ್ನ ಕೈಯಾರೆ ಉಮ್ಮನಿಗೆ ಗಂಜಿ ಉಣಿಸಿದ. ಅವಳ ಹತ್ತಿರ ಹೊಲಿಗೆ ಕಲಿತ ಹೆಂಗಸರು ಬಂದು ಮಂಚದ ಸುತ್ತ ಕೂತು ನಗಿಸಿದರು. ಒಂದು ಶುಕ್ರವಾರ ಮಧ್ಯಾಹ್ನ, ಮಕ್ಕಳಿಬ್ಬರೂ ಕೈ ಹಿಡಿದಿರುವಾಗ, ಹೆಚ್ಚು ನರಳದೆ ಕಣ್ಣು ಮುಚ್ಚಿದಳು.

ದುಬೈಗೆ ವಾಪಸು ಹೊರಡುವ ಮೊದಲು ರಮೀಝ್ ಖರ್ಜೂರದ ಪೊಟ್ಟಣ ಹಿಡಿದು ವಾಗ್ದೇವಿಯವರಲ್ಲಿಗೆ ಹೋದ. "ಆ ದಿನ ನಾನು ಹೇಳಿದ ಹಾಗೆ ಮಾಡಿದ್ರೆ, ಉಮ್ಮನ ಹತ್ರ ಇಷ್ಟು ಮಾತಾಡ್ಲಿಕ್ಕೆ ಸಿಗ್ತಿರ್ಲಿಲ್ಲ ಡಾಕ್ಟ್ರೇ. ನಿಮ್ಮ ಉಪಕಾರ ಮರೆಯುದಿಲ್ಲ."

"ಆರಿಸಿದ್ದು ನಿಮ್ಮ ಉಮ್ಮ," ಎಂದರು ಅವರು. "ಕೂತ್ಕೊಳ್ಳಿ, ಚಾ ಕುಡಿಯುವ."