ಅಳಿಯಂದಿರು ಗೆದ್ದ ಸೈಕಲ್ ರೇಸು

ನಮ್ಮ ಅಳಿಯಂದಿರು ಸೈಕಲ್ ರೇಸು ಗೆದ್ದದ್ದು ಕಾಲಿನ ಬಲದಿಂದಲ್ಲ, ಮಿಕ್ಕವರೆಲ್ಲ ಊಟಕ್ಕೆ ಇಳಿದದ್ದರಿಂದ. ನಡೆದದ್ದು ಇಷ್ಟೇ.

ಮೊನ್ನೆ ಕೆಳಗಡೆ ಯಾರೋ ಹೊಸ ಸೈಕಲ್ಲಿನ ಡಬ್ಬ ಬಿಚ್ಚುತ್ತಿದ್ದರು. ಆ ರಬ್ಬರ್ ವಾಸನೆ ಮೂಗಿಗೆ ಬಡಿದದ್ದೇ ಎಲ್ಲ ನೆನಪಾಯಿತು. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ಆಗಲೂ ಅಮೆರಿಕದ ಹ್ಯಾರಿಸನ್ ಊರಿನ ಇದೇ ಮನೆ. ಮಗಳು ಶೈಲಾ, ಅಳಿಯ ಪ್ರಶಾಂತ, ನಾನು. ಅಳಿಯಂದಿರು ಎಲ್ಲೋ ಓದಿಬಿಟ್ಟಿದ್ದರು: ಸೈಕಲ್ಲು ಹುಟ್ಟಿದ ಹೊಸದರಲ್ಲಿ, ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊಡೆಯುತ್ತಿದ್ದ ಕಾಲದಲ್ಲಿ, ಫ್ರಾನ್ಸಿನಲ್ಲಿ ಒಂದು ರೇಸು ನಡೆಯಿತಂತೆ, ಗೆದ್ದವನು ಮುಂದೆ ದೊಡ್ಡ ಕಾರ್ಖಾನೆ ಕಟ್ಟಿದನಂತೆ. ಅವತ್ತಿನಿಂದ ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಆ ಫ್ರೆಂಚಿನವನ ಕಥೆ. ಮನೆದೇವರ ಹೆಸರು ಕೇಳಿದರೆ ತಡವರಿಸುವ ಮನುಷ್ಯ, ಅವನ ಚಕ್ರದ ಅಳತೆ ಒಪ್ಪಿಸುತ್ತಿದ್ದರು.

ಆ ಬೇಸಿಗೆ ಕನ್ನಡದವರ ಪಿಕ್ನಿಕ್‌ನಲ್ಲಿ ಸೈಕಲ್ ರೇಸು ಇಟ್ಟರು. ನಮ್ಮವರ ಬುದ್ಧಿ ನೋಡಿ, ಬಿಸಿಬೇಳೆ ಬಾತಿನ ಟೇಬಲ್ಲನ್ನು ರೇಸಿನ ದಾರಿ ಪಕ್ಕದಲ್ಲೇ ಹಾಕಿದ್ದರು. ಎರಡನೇ ಸುತ್ತಿಗೆ ಪಾತ್ರೆಯ ಮುಚ್ಚಳ ತೆಗೆದರು. ಮುಂದಿದ್ದ ಡಾಕ್ಟರು ಇಳಿದರು. ಬೂಂದಿ ಮುಗಿದೀತೆಂದು ಹಿಂದಿನವರೂ ಇಳಿದರು. ಎಲ್ಲರಿಗಿಂತ ಕೊನೆಗೆ ಏದುಸಿರು ಬಿಡುತ್ತ ಬರುತ್ತಿದ್ದ ಅಳಿಯಂದಿರಿಗೆ ಪೋಲನ್ ಅಲರ್ಜಿ, ಹೂವಿನ ಧೂಳಿಗೆ ಮೂಗು ಕಟ್ಟಿತ್ತು. ಒಗ್ಗರಣೆ ಘಮ ಹತ್ತಲೇ ಇಲ್ಲ. ತುಳಿದುಕೊಂಡು ಹೋದರು, ಗೆದ್ದರು.

ಕಪ್ ಹಿಡಿದು ಮನೆಗೆ ಬಂದವರೇ, ನಾಳೆ ಕೆಲಸಕ್ಕೆ ರಿಸೈನ್ ಮಾಡುತ್ತೇನೆ, ಸೈಕಲ್ ಕಂಪನಿ ಶುರು ಮಾಡುತ್ತೇನೆ ಅಂದರು. ಗೆದ್ದವನ ದಾರಿಯೇ ಅದಂತೆ. ಶೈಲಾ ಬಿಳಿಚಿಕೊಂಡಳು. ಇಬ್ಬರ ವೀಸಾನೂ ಆ ಕೆಲಸವನ್ನೇ ನೆಚ್ಚಿಕೊಂಡಿತ್ತು; ಅದು ಹೋದರೆ ಗಂಟುಮೂಟೆ ಕಟ್ಟಬೇಕು. ಅವಳು ಅತ್ತಳು. ಅಳಿಯಂದಿರು ವಿಷನ್ ವಿಷನ್ ಅಂದರು. ನನಗೆ ಸಾಕಾಯಿತು.

"ಅದಿರಲಿ ಪ್ರಶಾಂತ, ಆ ಫ್ರೆಂಚಿನವನು ಗೆದ್ದ ಮಾರನೇ ದಿನ ಏನು ಮಾಡಿದ, ಹೇಳಿ."

ಫೋನಿನಲ್ಲಿ ತಡಕಾಡಿದರು. "ಅದನ್ನ ಎಲ್ಲೂ ಬರೆದಿಲ್ಲ ಅತ್ತೆ."

"ಕೆಲಸಕ್ಕೆ ಹೋಗಿರ್ತಾನೆ. ಕೆಲಸಕ್ಕೆ ಹೋದದ್ದನ್ನ ಯಾರು ಬರೀತಾರೆ?"

ಅಳಿಯಂದಿರು ಫೋನು ಕೆಳಗಿಟ್ಟರು. ಒಪ್ಪಿದರೋ ಮುನಿಸಿಕೊಂಡರೋ ತಿಳಿಯಲಿಲ್ಲ, ಹೋಗಿ ಮಲಗಿಬಿಟ್ಟರು.

ಮಾರನೇ ಬೆಳಿಗ್ಗೆ ಅವರ ಡಬ್ಬಿಗೆ ಚಪಾತಿ ಪಲ್ಯ ತುಂಬಿದೆ. ಶೂಗಳನ್ನು ಬಾಗಿಲ ಹೊರಗೆ ಜೋಡಿಸಿಟ್ಟೆ. ಡಬ್ಬಿ ಹಿಡಿದುಕೊಂಡು, ಲಿಫ್ಟು ಮುಚ್ಚದ ಹಾಗೆ ಅದರ ಬಾಗಿಲಿಗೆ ಕಾಲು ಅಡ್ಡ ಕೊಟ್ಟು, ಅವರು ಬರುವ ತನಕ ನಿಂತೆ.