ಬಲಮೂಲೆಯ ಮರಣವಾರ್ತೆ

ಕಾಪುವಿನ ಸಿಸಿಲಿಯಾಬಾಯಿಗೆ ಶಪಥ ಮಾಡುವುದೆಂದರೆ ಬೆಳಗಿನ ಚಹಾ ಕುಡಿದಷ್ಟು ಸಲೀಸು. ಪಕ್ಕದ ಮನೆಯ ಬಾವಿಯ ನೀರು ಮುಟ್ಟುವುದಿಲ್ಲ ಎಂದರು, ಮುಟ್ಟಲಿಲ್ಲ. ಹೊಲಿಗೆ ಕಲಿಸುತ್ತಿದ್ದ ಕಾನ್ವೆಂಟಿನ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದರು, ಸಿಸ್ಟರುಗಳು ಮನೆಗೇ ಬಂದು ಕರೆದರೂ ಹತ್ತಲಿಲ್ಲ. ಎಲ್ಲಕ್ಕಿಂತ ದೊಡ್ಡ ಶಪಥ ತಮ್ಮ ಬ್ಯಾಪ್ಟಿಸ್ಟನ ಮೇಲಿನದು. ಕಾರ್ಕಳದಲ್ಲಿ ತಾಯಿ ತೀರಿಕೊಂಡ ದಿನ ಬಾಯಿ ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಆ ಮಹಾನುಭಾವ ಅಕ್ಕ ಬರುವವರೆಗೆ ಕಾಯದೆ ಶವಪೆಟ್ಟಿಗೆ ಮುಚ್ಚಿಸಿಬಿಟ್ಟ. ಹೆತ್ತವಳ ಮುಖ ಕಡೆಗೂ ನೋಡಲು ಸಿಗಲಿಲ್ಲ. ಇಗರ್ಜಿಯ ಅಂಗಳದಲ್ಲಿ ಊರೆಲ್ಲ ಕೇಳುವ ಹಾಗೆ ಬಾಯಿ ಹೇಳಿದರು: "ನಿನ್ನ ಹೆಣದ ಮುಖ ನೋಡಲಿಕ್ಕೂ ನಾನು ಬರುವುದಿಲ್ಲ." ಆ ಹೆಸರನ್ನು ತನ್ನ ಮನೆಯಲ್ಲಿ ಯಾರೂ ಎತ್ತಬಾರದೆಂದು ಕಟ್ಟಪ್ಪಣೆಯೂ ಆಯಿತು.

ಅದು ಬಾಯಿಮಾತು. ಹೊಟ್ಟೆಯೊಳಗಿದ್ದದ್ದೇ ಬೇರೆ. ಬ್ಯಾಪ್ಟಿಸ್ಟನಿಗೆ ಕಿಡ್ನಿ ಕೈಕೊಟ್ಟಿದೆ, ಹೆಚ್ಚು ದಿನ ಇಲ್ಲ ಎಂಬ ಸುದ್ದಿ ಹೇಗೋ ಕಿವಿಗೆ ಬಿದ್ದ ಮೇಲೆ ಬಾಯಿ ಬಿಳಿ ಸೀರೆಯೊಂದನ್ನು ಇಸ್ತ್ರಿ ಮಾಡಿ ಕಪಾಟಿನಲ್ಲಿಟ್ಟರು. ಅವನು ಸತ್ತ ದಿನ ಎಲ್ಲರಿಗಿಂತ ಮೊದಲು ಹೋಗಬೇಕು. ತಲೆಯ ಬಳಿ ನಿಲ್ಲಬೇಕು. ನೋಡು, ನೀನು ಕಾಯಲಿಲ್ಲ, ನಾನು ಬಂದೆ ಎಂದು ಆ ಮುಚ್ಚಿದ ಕಣ್ಣಿಗೆ ಹೇಳಿ, ಒಮ್ಮೆ ಅತ್ತು ಬರಬೇಕು. ಆದರೆ ಸುದ್ದಿ ಮುಟ್ಟಿಸುವವರು ಯಾರು? ಎಲ್ಲರ ಬಾಯಿಗೂ ಬೀಗ ಹಾಕಿದವರು ಅವರೇ ತಾನೆ!

ಹಾಗಾಗಿ ಕಂಪ್ಯೂಟರಿನ ಮೊರೆ ಹೋದರು. ಮಗ ಡೆನ್ವರ್ ದುಬೈಗೆ ಮರಳುವ ಮುಂಚೆ ತಂದಿಟ್ಟದ್ದು. ಸಮುದಾಯದ ಮರಣವಾರ್ತೆಗಳನ್ನೆಲ್ಲ ಹಾಕುವ ಒಂದು ವೆಬ್‌ಸೈಟ್ ಇತ್ತು. ಒಂದು ಬೆಳಿಗ್ಗೆ ಅದು ಚಿಕ್ಕ ಚೌಕವೊಂದನ್ನು ಮುಂದೆ ಚಾಚಿ, ಸುದ್ದಿ ಬಂದ ಕೂಡಲೇ ತಿಳಿಸಬೇಕೇ ಎಂದು ಕೇಳಿತು. ಸಾವಿನ ಸುದ್ದಿ ತಂದವನನ್ನು ಬಾಗಿಲಿನಿಂದಲೇ ಓಡಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಒಪ್ಪಿಗೆಯ 'ಅಲೋ' ಒತ್ತಿದರು. ಮರುದಿನದಿಂದ ಅಡುಗೆಯ ಸೈಟು, ಜ್ಯೋತಿಷ್ಯದ ಸೈಟು, ಸೊಂಟನೋವಿನ ಎಣ್ಣೆಯ ಸೈಟು, ಎಲ್ಲವೂ ಅದೇ ಚೌಕ ಚಾಚಿದವು. ಎಲ್ಲ ಕಡೆಯೂ ಸಾವಿನ ಸುದ್ದಿ ತಿಳಿಸಬೇಕೇ ಎಂದೇ ಕೇಳುತ್ತಿದ್ದಾರೆಂದುಕೊಂಡು ಬಾಯಿ ಎಲ್ಲದಕ್ಕೂ ಅಲೋ ಒತ್ತಿದರು. ಒಲ್ಲೆ ಎಂದರೆ ಪಾಪ ಸುತ್ತಿಕೊಳ್ಳುತ್ತದಲ್ಲ!

ಆಮೇಲೆ ಶುರುವಾಯಿತು ಪರದೆಯ ಬಲಮೂಲೆಯಲ್ಲಿ ಜಾತ್ರೆ. ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ನಿಮಗೆ ಕಾರು ಬಂದಿದೆ, ಹೊಟ್ಟೆ ಕರಗಿಸಿ. ಇವುಗಳ ನಡುವೆ ಯಾರೋ ಹೆಜಮಾಡಿಯ ಮುದುಕ ತೀರಿಕೊಂಡ ಸುದ್ದಿ ಬಂದರೆ ಬಾಯಿಯ ಎದೆ ಧಸಕ್ಕೆನ್ನುತ್ತಿತ್ತು. ಹೆಸರು ಓದಿ, ಇವನಲ್ಲ ಎಂದು ಗೊತ್ತಾದ ಮೇಲೆ ಬೈದುಕೊಳ್ಳುತ್ತಿದ್ದರು.

ಮಾನ ಹೋದದ್ದು ಕೇರಿಯ ಕ್ರೈಸ್ತ ಮನೆಗಳೆಲ್ಲ ಸರದಿಯಲ್ಲಿ ನಡೆಸುವ ವಾಳೆಯ ಪ್ರಾರ್ಥನೆ ಇವರ ಮನೆಯಲ್ಲಿದ್ದ ಸಂಜೆ. ಭಕ್ತಿಗೀತೆ ಕೇಳಿಸಲೆಂದು ಕಂಪ್ಯೂಟರ್ ಹಚ್ಚಿದ್ದರು. ಫಾದರ್ ಕಣ್ಣು ಮುಚ್ಚಿ ಜಪಸರ ಹಿಡಿದಿದ್ದರು, ಸದ್ಯ! ಬಲಮೂಲೆಯಲ್ಲಿ ಅರೆಬತ್ತಲೆ ಹೆಣ್ಣೊಂದು ಎದ್ದು, ನಿಮ್ಮ ಹತ್ತಿರದಲ್ಲೇ ಇದ್ದೇನೆ ಎಂದು ಕಣ್ಣು ಹೊಡೆಯಿತು. ಜಪ ನಿಂತೇಹೋಯಿತು. ಎಲ್ಲರೂ ಬಾಯಿಯನ್ನು ನೋಡಿದರು. ತಪ್ಪಾಯಿತು, ನನಗೆ ಗೊತ್ತಾಗಲಿಲ್ಲ ಎಂದಿದ್ದರೆ ನಕ್ಕು ಮುಗಿಯುತ್ತಿತ್ತು. ಆದರೆ ಸಿಸಿಲಿಯಾಬಾಯಿ ತಪ್ಪೊಪ್ಪುವ ಜಾತಿಯವರೇ ಅಲ್ಲ.

"ನಾನಲ್ಲ ಫಾದರ್. ಮಗ ಊರಲ್ಲಿಲ್ಲ, ರಾತ್ರಿ ಇದರ ಎದುರು ಕೂರುವುದು ಸೊಸೆ."

ಸೊಸೆ ಶಾರ್ಲೆಟ್ ಮಣಿಪಾಲದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಕೈಯಲ್ಲಿ ಶರಬತ್ತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಒಳಗೆ ಬಂದು ಎಲ್ಲರಿಗೂ ಶರಬತ್ತು ಕೊಟ್ಟಳು.

ಭಾನುವಾರ ಪೂಜೆ ಮುಗಿಸಿ ಬಂದವಳೇ ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆದು ಕೂತಳು. ಅನುಮತಿ ಪಡೆದ ಸೈಟುಗಳ ಹೆಸರುಗಳು ಮೊಳದುದ್ದ ನಿಂತಿದ್ದವು. ಮೀನಿನ ಪೊರೆ ಹೆರೆಯುವ ಹಾಗೆ ಒಂದೊಂದನ್ನೇ ಹೆರೆದು ತೆಗೆದಳು. ಬಾಯಿ ಅಡುಗೆಮನೆಯಿಂದ ನೋಡುತ್ತಲೇ ಇದ್ದರು. ಮರಣವಾರ್ತೆಯ ಸೈಟೊಂದನ್ನು ಬಿಡು ಎನ್ನಬೇಕು. ಯಾಕೆ ಎಂದು ಕೇಳಿದರೆ? ಕಾರಣ ಹೇಳಿದರೆ ಶಪಥ ನೀರುಪಾಲು. ಬಾಯಿ ತೆಂಗಿನಕಾಯಿ ತುರಿಯಲು ಕೂತರು.

ಮರುದಿನ ಆ ಸೈಟು ತೆರೆದಾಗ ಅದೇ ಚೌಕ ಮತ್ತೆ ಬಂತು. ಬಾಯಿ ಮತ್ತೆ ಅಲೋ ಒತ್ತಿದರು. ಶಾರ್ಲೆಟ್ ಸಂಜೆ ನೋಡಿದರೆ ಆ ಹೆಸರು ಪುನಃ ಅಲ್ಲೇ ಕೂತಿದೆ. ತೆಗೆದಳು. ಮತ್ತೆ ಬಂತು. ಕಂಪ್ಯೂಟರ್ ಆರಿಸಿ ಹಚ್ಚಿದಳು, ಹಿಸ್ಟರಿ ಅಳಿಸಿದಳು, ಏನು ಮಾಡಿದರೂ ಬೆಳಗಾಗುವುದರೊಳಗೆ ಆ ಒಂದು ಸಾಲು ಹಾಜರು. ಕಚೇರಿಯಲ್ಲಿ ಕೇಳಿ ತಿಳಿದುಕೊಂಡು ಬಂದಳು. ಬರಿದೇ ತೆಗೆದುಹಾಕಿದರೆ ಸೈಟು ಮತ್ತೆ ಕೇಳುತ್ತದೆ. 'ಬ್ಲಾಕ್' ಮಾಡಿಟ್ಟರೆ ಕೇಳುವುದೇ ಇಲ್ಲ. ಹಾಗೇ ಮಾಡಿದಳು. ಮಾಡಿ, ಅತ್ತೆಗೆ ಕೇಳುವಂತೆ ಹೇಳಿದಳು, ಇನ್ನು ಈ ಮನೆಯಲ್ಲಿ ಯಾರೂ ಏನೂ ಒತ್ತುವ ಹಾಗಿಲ್ಲ ಎಂದು.

ಬಾಯಿಗೆ ಮೈಯೆಲ್ಲ ಉರಿದುಹೋಯಿತು. ನಿಮ್ಮ ಪೆಟ್ಟಿಗೆ ನೀವೇ ಇಟ್ಟುಕೊಳ್ಳಿ, ಸಾಯುವವರೆಗೆ ಮುಟ್ಟುವುದಿಲ್ಲ ಎಂದು ಅಲ್ಲೇ ಹೊಸ ಶಪಥ ಹಾಕಿ, ಹಳೆಯ ಮೇಜುಬಟ್ಟೆಯೊಂದನ್ನು ಕಂಪ್ಯೂಟರಿನ ಮೇಲೆ ಎಸೆದರು. ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವುದೆಂದರೆ ಇದೇ. ಆ ಸೈಟು ತೆರೆದು ಓದಲು ಈಗಲೂ ಅಡ್ಡಿಯಿರಲಿಲ್ಲ. ಆದರೆ ಹೇಳಿದ ಮಾತು ಹೇಳಿಯಾಗಿತ್ತು.

ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿದ ಮೇಲೆ ಮೀನು ಮಾರುವ ವಾರಿಜಾ ಬುಟ್ಟಿ ಇಳಿಸುತ್ತ ಮೆಲ್ಲಗೆ ಕೇಳಿದಳು: "ಕಾರ್ಕಳದ ನಿಮ್ಮ ತಮ್ಮ ಹೋದರಂತೆ ಅಲ್ವಾ ಬಾಯಮ್ಮ? ತಿಂಗಳಾಯಿತಂತೆ."

ಬಾಯಿ ಮೀನು ತೆಗೆದುಕೊಳ್ಳಲಿಲ್ಲ. ಸೊಸೆ ಕೆಲಸದಿಂದ ಬರುವವರೆಗೆ ಜಗಲಿಯಲ್ಲೇ ಕೂತರು. ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದರು, ಗೊತ್ತಿತ್ತಾ ಎಂದು.

ಗೊತ್ತಿತ್ತು ಎಂದಳು ಶಾರ್ಲೆಟ್. ಫೋನಿಗೆ ಬಂದಿತ್ತು. ರಜೆ ಹಾಕಿ ಹೋಗಿಯೂ ಬಂದಿದ್ದೆ ಎಂದಳು.

"ನನಗೆ ಯಾಕೆ ಹೇಳಲಿಲ್ಲ?"

"ಆ ಹೆಸರು ಎತ್ತಬಾರದು ಅಂತ ಹೇಳಿದ್ದು ನೀವಲ್ವಾ ಮಾಂಯ್?"

ಶಾರ್ಲೆಟ್ ಚೀಲ ಕೆಳಗಿಟ್ಟಳು. ಅವಳಿಗೆ ಅಂದಿನ ಶರಬತ್ತಿನ ತಟ್ಟೆ ಇನ್ನೂ ಕೈಯಲ್ಲೇ ಇದ್ದಂತಿತ್ತು.

"ಪೆಟ್ಟಿಗೆ ಮುಚ್ಚಲು ಬಿಡಲಿಲ್ಲ ಅವರ ಮನೆಯವರು. ಅಕ್ಕ ಬರುವವರೆಗೆ ಕಾಯಬೇಕು ಅಂತ ಕಾರ್ಕಳದ ಮಾವ ಸಾಯುವ ಮೊದಲೇ ಹೇಳಿಟ್ಟಿದ್ದರಂತೆ. ಫಾದರ್ ಅವಸರ ಮಾಡಿದರೂ ಎಲ್ಲರೂ ಗೇಟಿನ ಕಡೆಯೇ ನೋಡುತ್ತಾ ನಿಂತಿದ್ದರು."

"ಮತ್ತೆ?"

"ನನ್ನನ್ನು ಕೇಳಿದರು. ಮಾಂಯ್‌ಗೆ ಗೊತ್ತುಂಟು, ಬರುವುದಿಲ್ಲವಂತೆ ಅಂದೆ. ಆಮೇಲೆ ಮುಚ್ಚಿದರು."