ಚೇಚಿ ಹಾಕದ ರುಜು

ಚೇಚಿಯ ಹಣೆಯ ಮೇಲ್ಭಾಗದಲ್ಲಿ, ಕೂದಲಿಗೆ ತಾಗಿಕೊಂಡು, ಬಿಳಿಚಿದ ಒಂದು ಪಟ್ಟಿ ಇತ್ತು. ಕನ್ಯಾಸ್ತ್ರೀಯರು ತಲೆವಸ್ತ್ರದ ಕೆಳಗೆ ಬಿಗಿಯಾಗಿ ಕಟ್ಟುವ ಬಟ್ಟೆ ವರ್ಷಗಟ್ಟಲೆ ಬಿಸಿಲು ತಾಗಗೊಡದೆ ಉಳಿಸಿದ ಗುರುತು ಅದು. ಮಠ ಬಿಟ್ಟು, ಕರ್ನಾಟಕದ ಗಡಿಯಾಚೆಯ ನಮ್ಮೂರು ಪಯ್ಯಂಪಳ್ಳಿಗೆ ಮರಳಿದ ಮೇಲೆ ಗದ್ದೆಯ ಬಿಸಿಲಲ್ಲಿ ಎಷ್ಟು ನಿಂತರೂ ಆ ಪಟ್ಟಿ ಮುಖದ ಬಣ್ಣದೊಂದಿಗೆ ಪೂರ್ತಿ ಕೂಡಿಕೊಳ್ಳಲಿಲ್ಲ.

ಚೇಚಿಯದು ನಮ್ಮ ಪಕ್ಕದ ಮನೆ. ಅವಳ ಅಪ್ಪ ತಿರುವಾಂಕೂರಿನಿಂದ ಬಂದು ನೆಲೆಸಿದ ಕ್ರೈಸ್ತ ರೈತ. ನಮ್ಮ ಹಿರಿಯರು ಹೆಗ್ಗಡದೇವನಕೋಟೆ ಕಡೆಯವರು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಅಕ್ಕ ಎಂಬ ಅರ್ಥದಲ್ಲಿ ಊರಿನ ಮಕ್ಕಳೆಲ್ಲ ಅವಳನ್ನು ಚೇಚಿ ಎನ್ನುತ್ತಿದ್ದರು. ನಮ್ಮ ಒಲೆಯ ಮುಂದೆ ಕೂತು ಕೂತೇ ಅವಳು ಕನ್ನಡ ಕಲಿತದ್ದು.

ಹತ್ತನೆಯ ತರಗತಿ ಮುಗಿದ ಕೂಡಲೇ ಅವಳನ್ನು ಇಟಲಿಯ ಒಂದು ಮಠಕ್ಕೆ ಕಳಿಸಿದ್ದರು. ದಕ್ಷಿಣದ ತುದಿಯಲ್ಲಿ, ವಿಶ್ವವಿದ್ಯಾಲಯವಿದ್ದ ಊರು. ಅಲ್ಲಿ ಮಠದವರು ವಿದ್ಯಾರ್ಥಿನಿಯರಿಗಾಗಿ ನಡೆಸುತ್ತಿದ್ದ ಹಾಸ್ಟೆಲಿನ ಅಡುಗೆಮನೆ ಇವಳ ಪಾಲಿಗೆ ಬಂತು. ಮಧ್ಯಾಹ್ನ ಉಂಡ ಮೇಲೆ ಇಡೀ ಊರು ಬಾಗಿಲು ಹಾಕಿ ಮಲಗುತ್ತಿತ್ತಂತೆ. ಆ ಹೊತ್ತಿನಲ್ಲಿ ಇವಳು ಹುಡುಗಿಯರ ಪುಸ್ತಕ ಎರವಲು ಪಡೆದು ಓದಿದಳು. ಮೊದಲು ಭಾಷೆ, ಆಮೇಲೆ ಗಣಿತ. ವಿಶ್ವವಿದ್ಯಾಲಯ ಸೇರುವುದಕ್ಕಾಗಿ ಮಠ ಬಿಟ್ಟಳು. ಹೊಟ್ಟೆಗಾಗಿ ಅದೇ ಅಡುಗೆಮನೆಯಲ್ಲಿ ಕೆಲಸಕ್ಕೆ ಉಳಿದಳು.

"ಸಂಜೆ ಎಲ್ಲರೂ ಒಳ್ಳೇ ಬಟ್ಟೆ ಹಾಕ್ಕೊಂಡು ಒಂದೇ ಬೀದೀಲಿ ಆ ತುದಿಗೂ ಈ ತುದಿಗೂ ನಡೀತಾರೆ ಅಕ್ಕ. ಎಲ್ಲಿಗೂ ಹೋಗಲ್ಲ" ಎಂದು ಚೇಚಿ ಒಮ್ಮೆ ನನ್ನ ಅವ್ವನಿಗೆ ಹೇಳಿದಳು.

"ಮತ್ತ್ಯಾಕೆ ನಡೀತಾರೆ? ದನ ಕಳ್ಕಂಡವ್ರಾ?" ಎಂದಳು ಅವ್ವ. ಚೇಚಿ ನಕ್ಕು ನಕ್ಕು ಚಹಾ ಚೆಲ್ಲಿದಳು.

ಅಲ್ಲಿಯ ಪರೀಕ್ಷೆಯ ಬಗ್ಗೆ ಹೇಳುವಾಗ ಮಾತ್ರ ಅವಳು ನಗುತ್ತಿರಲಿಲ್ಲ. ಬರೆಯುವುದು ಕಡಿಮೆ, ಪ್ರಾಧ್ಯಾಪಕರ ಎದುರು ಕೂತು ಬಾಯಲ್ಲಿ ಹೇಳಬೇಕು. ಬಾಗಿಲು ತೆರೆದೇ ಇರುತ್ತದೆ, ಯಾರು ಬೇಕಾದರೂ ಬಂದು ಕೇಳಬಹುದು. ಕೊನೆಗೆ ಅವರು ಅಂಕ ಹೇಳುತ್ತಾರೆ. ನ್ಯಾಯವೆನಿಸದಿದ್ದರೆ ವಿದ್ಯಾರ್ಥಿ ಅದನ್ನು ನಿರಾಕರಿಸಿ, ಮತ್ತೆ ಓದಿ ಬರಬಹುದು. ಮೊದಲ ಪರೀಕ್ಷೆಯಲ್ಲಿ ಚೇಚಿಗೆ ತೇರ್ಗಡೆಯಾಗುವಷ್ಟೇ ಸಿಕ್ಕಿತು. ಹಿಂದಿನ ಬೆಂಚಿನ ಹುಡುಗಿ "ಬೇಡ ಅನ್ನು" ಎಂದು ಪಿಸುಗುಟ್ಟಿದಳಂತೆ. ಅಪ್ಪನಿಗೆ, ಪಾದ್ರಿಗೆ, ಮಠದ ಹಿರಿಯಳಿಗೆ ಎದುರು ನಿಂತು ಎಂದೂ ಬೇಡ ಎನ್ನದವಳು ಅಂದು ಎದ್ದು ನಿಂತು ಬೇಡ ಎಂದಳು. "ಮೋಳೇ, ಆವತ್ತೇ ನಾನು ದೊಡ್ಡವಳಾದದ್ದು." ನನ್ನನ್ನು ಅವಳು ಮೋಳೇ, ಅಂದರೆ ಮಗಳೇ, ಎನ್ನುತ್ತಿದ್ದಳು.

ನನ್ನ ಗಣಿತದ ಪರೀಕ್ಷೆಯನ್ನು ಅವಳು ಹಾಗೆಯೇ ನಡೆಸುತ್ತಿದ್ದಳು. ಜಗಲಿಯಲ್ಲಿ ಎದುರುಬದುರು ಎರಡು ಕುರ್ಚಿ. ಕೂಲಿಗೆ ಬಂದ ಪಣಿಯ ಬುಡಕಟ್ಟಿನ ಹೆಂಗಸರು ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಜಗಿಯುತ್ತ ಕೇಳುತ್ತಿದ್ದರು. "ಬಿಡು ಚೇಚಿ, ಹುಡುಗಿ ಬೆವರ್ತಾಳೆ" ಎಂದು ನನ್ನ ಪರ ವಾದಿಸುತ್ತಿದ್ದರು. ಚೇಚಿ ಅಂಕ ಹೇಳಿ, "ಒಪ್ತೀಯಾ?" ಎಂದು ಕೇಳುವಳು. ಎದ್ದು ಓಡುವ ಆತುರದಲ್ಲಿ ನಾನು ತಲೆಯಾಡಿಸುತ್ತಿದ್ದೆ.

"ಒಪ್ಪೋದಕ್ಕೆ ಇಷ್ಟು ಅರ್ಜೆಂಟಾ ನಿನಗೆ?"

ಅವಳು ಊರಿಗೆ ಬಂದದ್ದು ತಮ್ಮನಿಗಾಗಿ. ನಕ್ಸಲರ ಹೆಸರಿನಲ್ಲಿ ಪೊಲೀಸರು ಕಾಡು ಮನೆ ಎಲ್ಲ ಜಾಲಾಡುತ್ತಿದ್ದ ಕಾಲ. ತಮ್ಮ ಪಣಿಯರನ್ನು ಸೇರಿಸಿ, ಕೂಲಿಯ ಭತ್ತ ಹೆಚ್ಚಾಗಬೇಕು, ಉಳುವ ನೆಲ ಅವರದಾಗಬೇಕು ಎಂದು ಸಭೆ ಮಾಡುತ್ತಿದ್ದ. ಸ್ವಂತ ಅಪ್ಪನ ಆಳುಗಳನ್ನೂ ಬಿಟ್ಟಿರಲಿಲ್ಲ. ನಾಟಿಯ ದಿನ ಗದ್ದೆಯಂಚಿಗೆ ಜೀಪು ಬಂದು ಅವನನ್ನು ಒಯ್ದಿತು. ನಾಟಿಯವರೆಲ್ಲ ಕಂಡರು. ನಮ್ಮ ಹಿತ್ತಿಲಿನಿಂದ ಅವ್ವನೂ ಕಂಡಳು. ಠಾಣೆಯಲ್ಲಿ ಮಾತ್ರ, ಅಂಥವನನ್ನು ನಾವು ತಂದೇ ಇಲ್ಲ ಎಂದರು.

ಚೇಚಿ ಒಂದು ತಿಂಗಳೆಂದು ಬಂದವಳು. ಅಷ್ಟರಲ್ಲಿ ಪಾಸ್‌ಪೋರ್ಟಿನ ಅವಧಿ ಮುಗಿಯಿತು. ಹೊಸದಕ್ಕೆ ಪೊಲೀಸರ ಒಪ್ಪಿಗೆ ಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಇನ್ನೊಂದೇ ವರ್ಷದ ಓದು ಉಳಿದಿತ್ತು. ತಮ್ಮ ತಾನಾಗಿ ಬೇಗೂರಿನ ಕಾಡು ದಾಟಿ ಕರ್ನಾಟಕಕ್ಕೆ ಓಡಿಹೋದ ಎಂಬ ಹೇಳಿಕೆಗೆ ರುಜು ಹಾಕಿದರೆ ಪಾಸ್‌ಪೋರ್ಟಿನ ಕೆಲಸ ನಾಳೆಯೇ ಆಗುತ್ತದೆ ಎಂದರು ಠಾಣೆಯ ಅಧಿಕಾರಿ. ಜೊತೆಗಿದ್ದ ಅವಳ ಅಪ್ಪ ಆಗಲೇ ಹಾಕಿದ್ದರು. ಚೇಚಿ ಆಗುವುದಿಲ್ಲ, ಮತ್ತೆ ಬರುತ್ತೇನೆ ಎಂದು ಎದ್ದು ಬಂದಳು.

ಆ ಸಂಜೆ ಅವ್ವ ಬೈದಳು. "ಹಾಕ್ಬುಟ್ಟು ಹೋಗಬಾರ್ದಾ ಕೂಸೇ? ಅವ್ನು ಸಿಕ್ಕಾಗ ಸಿಕ್ತಾನೆ. ನಿನ್ ಬದುಕು ನೋಡ್ಕೊ."

"ನಾನು ಹಾಕಿದ್ರೆ ಅವನನ್ನ ಯಾರೂ ಹುಡುಕಲ್ಲ ಅಕ್ಕ."

ನೀನು ಕಂಡದ್ದನ್ನು ಬಂದು ಹೇಳು ಎಂದು ಅವಳು ಅವ್ವನನ್ನು ಕೇಳಲಿಲ್ಲ. ಅವ್ವನೂ ಹೇಳಲಿಲ್ಲ. ಎಲ್ಲರಿಗೂ ಭಯವಿತ್ತು.

ಮುಂದಿನ ವರ್ಷಗಳಲ್ಲಿ ಅವಳು ಠಾಣೆಗೆ ಹೋಗುತ್ತಲೇ ಇದ್ದಳು. ಅಧಿಕಾರಿಗಳು ಬದಲಾದರು, ಹೇಳಿಕೆ ಬದಲಾಗಲಿಲ್ಲ. ತಮ್ಮನ ಹೆಸರಲ್ಲಿ ಮೃತರ ಪೂಜೆ ಮಾಡಿಸೋಣವೆಂದು ಅಪ್ಪ ಎತ್ತಿದಾಗಲೆಲ್ಲ ಅವಳು ಅಡ್ಡ ನಿಂತಳು. ನಾನು ಮೈಸೂರಿಗೆ ಎಂ.ಎಸ್‌ಸಿ. ಓದಲು ಹೊರಟಾಗ ಬಸ್ಸಿನ ತನಕ ಬಂದಳು. ಇಟಲಿಯ ಮಾತು ನಾನೇ ಎತ್ತಿದೆ. "ನನ್ನ ಜಾಗ ಯಾರಿಗೋ ಕೊಟ್ಟಿರ್ತಾರೆ. ಓದ್ಲಿ ಬಿಡು" ಎಂದಳು. ನಾನು ಕಲಿತ ಗಣಿತವೆಲ್ಲ ಆ ಜಗಲಿಯಲ್ಲಿ ಆರಂಭವಾದದ್ದು ಎಂದು ಹೇಳಬೇಕೆಂದಿದ್ದೆ. ಬಸ್ಸು ಹೊರಟಿತು.

ಎರಡನೆಯ ವರ್ಷದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಕಲ್ಲಿಕೋಟೆಯ ಆಸ್ಪತ್ರೆಗೆಂದು ಘಾಟಿ ಇಳಿಸುವಾಗ ದಾರಿಯಲ್ಲೇ ಹೋದಳು. ನಾನು ಊರು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ನಲವತ್ತೊಂದನೆಯ ದಿನದ ಊಟಕ್ಕೆ ಕರೆಯಲು ಅವಳ ಅಪ್ಪ ಬಂದರು. ಮುದುಕರಾಗಿದ್ದರು. ಜಗಲಿ ಹತ್ತದೆ ಅಂಗಳದಲ್ಲೇ ನಿಂತು, "ಮಗನ ಪೂಜೆಯನ್ನೂ ಒಟ್ಟಿಗೆ ಮುಗಿಸ್ತಾ ಇದ್ದೇವೆ. ಇನ್ನು ಬೇಡ ಅನ್ನೋಕೆ ಯಾರಿದ್ದಾರೆ? ಎಲ್ಲರೂ ಬರಬೇಕು" ಎಂದರು.

ಅವ್ವ ಬಾಗಿಲಿಗೆ ಬಂದಳು. "ಆ ಹುಡುಗ ನಡ್ಕಂಡೇ ಜೀಪು ಹತ್ತಿದ. ನಾನು ಕಂಡಿವ್ನಿ. ಸತ್ತದ್ದ ಯಾರು ಕಂಡವ್ರೆ? ನಾನು ಉಣ್ಣಾಕೆ ಬರಾಕಿಲ್ಲ."

ಈ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಮುದುಕರು ಮುಂದಿನ ಮನೆಯವರನ್ನು ಕರೆಯಲು ಹೋದರು. ಆ ಭಾನುವಾರ ಚರ್ಚಿನಲ್ಲಿ ಮೃತರ ಹೆಸರು ಓದುವಾಗ ಆ ಮನೆಯ ಎರಡು ಹೆಸರು ಓದಿದರು.